ದೊಡ್ಡಾಟದ ಕರ್ಣನನ್ನು ನೋಡುವ ಬಗೆ

ಬಿಳಿಜೋಳದ ರಾಶಿ ಮುಗಿದು, ಕಣಗಳು ಖಾಲಿಯಾಗಿ, ಜಾತ್ರೆಗಳು ಶುರುವಾದವೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಆಟದ ಮಾತು ಏಳುತ್ತದೆ. ಗುಡಿಯ ಗೋಡೆಗೆ, ಬಸ್ ನಿಲ್ದಾಣದ ಕಂಬಕ್ಕೆ ಭಿತ್ತಿಪತ್ರ ಅಂಟಿಸಿರುತ್ತಾರೆ. ಸಾಮಾಜಿಕ ನಾಟಕ ಇರಬಹುದು, ಶ್ರೀಕೃಷ್ಣ ಪಾರಿಜಾತ ಇರಬಹುದು. ಅದೃಷ್ಟವಿದ್ದರೆ ದೊಡ್ಡಾಟ ಇರುತ್ತದೆ. ಇನ್ನೂ ಅದೃಷ್ಟವಿದ್ದರೆ ಅದು ಕರ್ಣಪರ್ವ ಆಗಿರುತ್ತದೆ. ನೌಕರಿಗೆಂದು ಈ ಕಡೆ ಬಂದ ಮಾಸ್ತರರು, ಬ್ಯಾಂಕಿನವರು, ದವಾಖಾನೆಯ ನರ್ಸ್‌ಗಳು, ಮೈಸೂರು ಸೀಮೆಯಿಂದ ಮದುವೆಯಾಗಿ ಬಂದ ಸೊಸೆಯಂದಿರು ಕುತೂಹಲದಿಂದ ಹೋಗಿ ಕೂಡುತ್ತಾರೆ. ನಡುರಾತ್ರಿಯ ಹೊತ್ತಿಗೆ ಅವರಲ್ಲಿ ಬಹಳ ಮಂದಿ ಎದ್ದು ಮನೆ ಸೇರುತ್ತಾರೆ. ಕೂಗಾಟ ಬಹಳ, ಕುಣಿತ ಒರಟು, ಕತೆ ಮುಂದಕ್ಕೇ ಹೋಗುವುದಿಲ್ಲ ಎಂಬುದು ಅವರ ತಕರಾರು. ಆದರೆ ಆಟ ಬಿಗಿಯಾಗುವುದೇ ಅವರು ಎದ್ದುಹೋದ ಮೇಲೆ. ಕರ್ಣನ ರಥದ ಗಾಲಿ ನೆಲದಲ್ಲಿ ಹುಗಿಯುವ ಹೊತ್ತಿಗೆ ಮೂಡಣ ಬೆಳ್ಳಗಾಗುತ್ತಿರುತ್ತದೆ. ಆ ತನಕ ಅವರು ಕೂಡಲಿ, ಕೂತು ಮರುಗಲಿ ಎಂಬ ಆಸೆಯಿಂದ ಇಷ್ಟು ಬರೆಯುತ್ತಿದ್ದೇನೆ.

ದೊಡ್ಡಾಟದಲ್ಲಿ ಬೇರೆ ಕತೆಗಳಿಲ್ಲವೆಂದಲ್ಲ. ವಿರಾಟಪರ್ವ ಇದೆ, ಲವಕುಶ ಇದೆ, ಕುಮಾರರಾಮ ಇದೆ, ದ್ರೌಪದಿಯ ವಸ್ತ್ರಾಪಹರಣ ಇದೆ. ಆದರೂ ಹೊಸಬರು ಕರ್ಣನಿಂದಲೇ ಶುರು ಮಾಡಬೇಕು ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಹುಟ್ಟಿನ ಕಾರಣಕ್ಕೆ ತುಂಬಿದ ಸಭೆಯಲ್ಲಿ ಅವಮಾನ ಉಂಡವನು, ಕೈಹಿಡಿದ ಒಬ್ಬನಿಗಾಗಿ ಜೀವ ತೆತ್ತವನು, ಮತ್ತು ಹೆತ್ತ ತಾಯಿಯಿಂದ ಹಿಡಿದು ರಥ ಹೊಡೆಯುವವನ ತನಕ ಎಲ್ಲರಿಂದಲೂ ಮೋಸಹೋದವನು, ಮೂವರೂ ಇವನೊಬ್ಬನೇ. ಈ ಮೂರು ಎಳೆಗಳು ಒಂದಕ್ಕೊಂದು ಹೇಗೆ ಹೆಣೆದುಕೊಳ್ಳುತ್ತವೆ ಎಂಬುದನ್ನು ತೋರಿಸುವುದಕ್ಕೆ ದೊಡ್ಡಾಟದಂಥ ಕಲೆ ಇನ್ನೊಂದು ನನಗೆ ಕಂಡಿಲ್ಲ. ಪುಸ್ತಕದಲ್ಲಿ ಓದಿದಾಗ ಕಾಣದ ಒಂದು ಸಂಗತಿ ಅಟ್ಟದ ಮೇಲೆ ಕಾಣುತ್ತದೆ.

ಆಟದ ಕಟ್ಟುಪಾಡನ್ನು ಮೊದಲು ತಿಳಿದುಕೊಳ್ಳಿ. ನಾಲ್ಕಾರು ಕಂಬ ನೆಟ್ಟು, ಹಲಗೆ ಹಾಸಿ ಅಟ್ಟ ಕಟ್ಟಿರುತ್ತಾರೆ. ಹಲಗೆಯೇ ಬೇಕು, ಯಾಕೆಂದರೆ ಹೆಜ್ಜೆ ಹಾಕಿದಾಗ ಅದು ಗುಡುಗಬೇಕು. ಒಂದು ಬದಿಗೆ ಹಿಮ್ಮೇಳ: ಹಾಡುವ ಭಾಗವತ ಅಥವಾ ಕಥೆಗಾರ, ಮದ್ದಳೆ, ತಾಳ, ಹಾರ್ಮೋನಿಯಂ. ಮೊದಲು ಗಣಪತಿ, ಶಾರದೆಯರ ಸ್ತುತಿ. ಆಮೇಲೆ ಒಂದೊಂದೇ ಪಾತ್ರ ಪರದೆಯ ಹಿಂದಿನಿಂದ ಕುಣಿಯುತ್ತ ಹೊರಬರುತ್ತದೆ. ಪದ್ಯ ಹಾಡುತ್ತಾರೆ, ಪಾತ್ರ ಅದಕ್ಕೆ ಕುಣಿಯುತ್ತದೆ, ಪದ್ಯ ನಿಂತ ಮೇಲೆ ಅದರ ಅರ್ಥವನ್ನು ವಚನದಲ್ಲಿ, ಅಂದರೆ ಗದ್ಯದ ಮಾತಿನಲ್ಲಿ, ಗಟ್ಟಿ ಧ್ವನಿಯಲ್ಲಿ ಹೇಳುತ್ತದೆ. ಕಂದ, ದ್ವಿಪದಿ, ಭಾಮಿನಿ ಎಲ್ಲವೂ ಬರುತ್ತವೆ. ಭಾಮಿನಿ ಬಂದಾಗ ಕುಮಾರವ್ಯಾಸನ ನೆರಳು ಅಟ್ಟದ ಮೇಲೆ ಹಾಯ್ದುಹೋಗುತ್ತದೆ. ಆಡುವವರು ಒಕ್ಕಲುತನದವರು, ಕುಶಲಕರ್ಮಿಗಳು, ಕೂಲಿಯವರು. ಆಟದ ಮಾಸ್ತರರ ಕೈಕೆಳಗೆ ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿತವರು. ಕೂಗುತ್ತಾರೆ ಎಂದು ದೂರುವವರು ಇದನ್ನು ನೆನಪಿಡಬೇಕು: ಮೈಕು ಬರುವುದಕ್ಕೆ ಮುಂಚೆ, ಪಂಜಿನ ಬೆಳಕಿನಲ್ಲಿ, ಬಯಲಿನ ಕೊನೆಯಲ್ಲಿ ಕೂತ ಮುದುಕಿಯ ಕಿವಿಗೂ ಮಾತು ಮುಟ್ಟಬೇಕಾಗಿತ್ತು. ಆ ಧ್ವನಿ ಹುಟ್ಟಿದ್ದು ಆ ಮುದುಕಿಯ ಮೇಲಿನ ಕಾಳಜಿಯಿಂದ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ದೊಡ್ಡಾಟದಲ್ಲಿ ಸಾರಥಿ ಎಂಬ ಪಾತ್ರವೊಂದಿದೆ. ರಾತ್ರಿಯಿಡೀ ಅವನು ಅಟ್ಟದ ಮೇಲೆ ಇರುತ್ತಾನೆ. ಅರಸುಪಾತ್ರ ಯಾವುದೇ ಬರಲಿ, ಕುಣಿದು ನಿಂತ ಕೂಡಲೇ ಸಾರಥಿ ಎದುರಾಗುತ್ತಾನೆ. ತಾವು ಯಾರು, ಯಾರ ಮಗ, ಯಾವ ಪಟ್ಟಣ ಆಳುತ್ತೀರಿ, ಈ ಸಭೆಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಅರಸು ಮೊದಲು ತನ್ನ ಠೀವಿ ತೋರಿಸಿ, ಸಾರಥಿಯನ್ನು ಗದರಿ, ಆಮೇಲೆ ತನ್ನ ಕುಲ, ವಂಶ, ರಾಜ್ಯ, ಪರಾಕ್ರಮಗಳನ್ನು ಒಂದೊಂದಾಗಿ ಘೋಷಿಸುತ್ತಾನೆ. ಸಾರಥಿ ನಡುನಡುವೆ ಊರ ಭಾಷೆಯಲ್ಲಿ ಚೇಷ್ಟೆ ಮಾಡಿ ಜನರನ್ನು ನಗಿಸುತ್ತಾನೆ. ಧರ್ಮರಾಜನಿಗೂ ಇದೇ ಕ್ರಮ, ದುರ್ಯೋಧನನಿಗೂ ಇದೇ, ಶಲ್ಯನಿಗೂ ಇದೇ. ಹೊಸಬರಿಗೆ ಬೇಸರ ಬರುವುದು ಇಲ್ಲಿಯೇ. ಮತ್ತೆ ಮತ್ತೆ ಅದೇ ಪ್ರಶ್ನೆ, ಅದೇ ಗರ್ಜನೆ.

ಕರ್ಣ ಬಂದಾಗಲೂ ಸಾರಥಿ ಅದನ್ನೇ ಕೇಳುತ್ತಾನೆ. ಈಗ ನೀವು ಮೈಯೆಲ್ಲ ಕಿವಿಯಾಗಬೇಕು. ಯಾಕೆಂದರೆ ಈ ಪ್ರಶ್ನೆಯೇ ಕರ್ಣನ ಬಾಳನ್ನು ಹಾಳುಮಾಡಿದ್ದು. ಹಸ್ತಿನಾವತಿಯ ಬಿಲ್ವಿದ್ಯೆಯ ಪ್ರದರ್ಶನದಲ್ಲಿ ಅರ್ಜುನನಿಗೆ ಸಮನಾಗಿ ಬಾಣ ಬಿಟ್ಟ ತರುಣನನ್ನು ಕೃಪಾಚಾರ್ಯ ತಡೆದು ಕೇಳಿದ್ದು ಇದನ್ನೇ: ನಿನ್ನ ತಂದೆ ಯಾರು, ಕುಲ ಯಾವುದು? ಅಲ್ಲಿಯ ತನಕ ಎತ್ತಿದ್ದ ತಲೆ ಬಾಗಿತು. ಬಾಣದ ಗುರಿಯಲ್ಲಿ ಸೋಲದವನು ಆ ಒಂದು ಮಾತಿಗೆ ಸೋತ. ದುರ್ಯೋಧನ ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟಿದ. ಆ ಹೊತ್ತಿಗೆ ಸಾಕುತಂದೆ ಅಧಿರಥ, ರಥ ಹೊಡೆಯುವ ಮುದುಕ, ಕೋಲೂರಿಕೊಂಡು ಸಭೆಯೊಳಗೆ ಬಂದ. ಪಟ್ಟಾಭಿಷೇಕದ ನೀರು ಇನ್ನೂ ಆರದ ತಲೆಯನ್ನು ಕರ್ಣ ಆ ಮುದುಕನ ಕಾಲಿಗೆ ಮುಟ್ಟಿಸಿದ. ಎಲ್ಲರಿಗೂ ಗೊತ್ತಾಯಿತು. ಭೀಮ ನಕ್ಕು, ನಿನಗೆ ಬಿಲ್ಲು ಬೇಡ, ಬಾರುಕೋಲು ಹಿಡಿ ಎಂದ.

ಹೀಗಾಗಿ ದೊಡ್ಡಾಟದ ಬೇರೆ ಅರಸರಿಗೆ ವಾಡಿಕೆಯ ಮಾತಾಗಿರುವ ಪ್ರಶ್ನೆ ಕರ್ಣನಿಗೆ ಗಾಯ. ಅದಕ್ಕಿಂತ ಹೆಚ್ಚಿಗೆ, ಆ ಪ್ರಶ್ನೆ ಕೇಳುತ್ತಿರುವವನು ಯಾರು ನೋಡಿ. ಒಬ್ಬ ಸಾರಥಿ. ಕರ್ಣ ಬೆಳೆದದ್ದು ಸಾರಥಿಯ ಮನೆಯಲ್ಲಿ, ಅಧಿರಥನ ಹೆಂಡತಿ ರಾಧೆಯ ಮಡಿಲಲ್ಲಿ. ಉಳಿದ ಅರಸರು ಗದರಿದಂತೆ ಅವನೂ ಈ ಸಾರಥಿಯನ್ನು ಗದರಿಸುತ್ತಾನೆಯೇ? ಗದರಿಸಿದರೆ ಯಾವ ಧ್ವನಿಯಲ್ಲಿ? ಕಟ್ಟುಪಾಡು ಗದರಿಸು ಎನ್ನುತ್ತದೆ. ಕತೆ ಬೇಡ ಎನ್ನುತ್ತದೆ. ಒಳ್ಳೆಯ ಪಾತ್ರಧಾರಿಗೆ ಈ ಇಕ್ಕಟ್ಟು ಗೊತ್ತಿರುತ್ತದೆ. ಗರ್ಜನೆಯನ್ನು ಒಂದು ಎಳೆ ತಗ್ಗಿಸುತ್ತಾನೆ, ಇಲ್ಲವೇ ತಂದೆಯ ಹೆಸರು ಹೇಳುವ ಮೊದಲು ಒಂದು ಹೆಜ್ಜೆ ಹೆಚ್ಚಿಗೆ ಕುಣಿದು ಹೊತ್ತು ಕಳೆಯುತ್ತಾನೆ, ಇಲ್ಲವೇ ಅಂಗರಾಜ್ಯವನ್ನು ಮೊದಲು ಹೇಳಿ ಕುಲವನ್ನು ಹಿಂದಿಕ್ಕುತ್ತಾನೆ. ಸಾಧಾರಣ ಪಾತ್ರಧಾರಿ ದುರ್ಯೋಧನ ಹೇಳಿದ ಧಾಟಿಯಲ್ಲೇ ಎಲ್ಲವನ್ನೂ ಒದರಿಬಿಡುತ್ತಾನೆ. ಇಬ್ಬರ ನಡುವಿನ ಅಂತರ ನಿಮಗೆ ಒಮ್ಮೆ ತಿಳಿಯಿತೆಂದರೆ ನೀವು ದೊಡ್ಡಾಟದ ರಸಿಕರಾದಂತೆಯೇ.

ಪಾತ್ರದ ಪೋಷಾಕನ್ನು ನೋಡುವುದಕ್ಕೂ ಒಂದು ಬಗೆಯಿದೆ. ಕಿರೀಟ, ಭುಜಕೀರ್ತಿ, ಎದೆಗೆ ಕಟ್ಟುವ ಆಭರಣ, ನಡುಪಟ್ಟಿ ಎಲ್ಲವೂ ಹಗುರ ಕಟ್ಟಿಗೆಗೆ ಬೇಗಡೆ, ಬಣ್ಣ, ಕನ್ನಡಿ ಚೂರು ಅಂಟಿಸಿ ಮಾಡಿದವು. ಕಾಲಿಗೆ ಗೆಜ್ಜೆ. ಸಾಧ್ಯವಾದರೆ ಆಟ ಶುರುವಾಗುವ ಮುಂಚೆ ಬಣ್ಣ ಹಚ್ಚುವ ಮನೆಯ ಹತ್ತಿರ ಹೋಗಿ, ಕೇಳಿಕೊಂಡು, ಒಂದು ಗಳಿಗೆ ನಿಲ್ಲಿ. ಧರ್ಮರಾಜನಿಗೆ ಕಟ್ಟುವ ಭುಜಕೀರ್ತಿಗೂ ಕರ್ಣನಿಗೆ ಕಟ್ಟುವ ಭುಜಕೀರ್ತಿಗೂ ಏನೂ ವ್ಯತ್ಯಾಸವಿರುವುದಿಲ್ಲ. ಕುಲದ ಹೆಸರಲ್ಲಿ ಜಗತ್ತು ಕಂಡ ಅಂತರವನ್ನು ಬಣ್ಣದ ಮನೆ ಕಾಣುವುದಿಲ್ಲ. ಅಟ್ಟದ ಮೇಲೆ ಅವರೆಲ್ಲ ಒಂದೇ ಎತ್ತರದ ಅರಸರು. ಮಾತು ಶುರುವಾದಾಗ ಮಾತ್ರ ಒಬ್ಬನು ಕೆಳಗಿಳಿಯುತ್ತಾನೆ. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕವಚ ಕುಂಡಲ ಬೇಡುವ ಸನ್ನಿವೇಶವನ್ನು ನಿಮ್ಮೂರಿನ ಮೇಳ ಆಡುವುದಾದರೆ, ಕಳಚುವ ಕೈಗಳನ್ನು ನೋಡಿ. ಮೈಗೆ ಅಂಟಿಹುಟ್ಟಿದ್ದನ್ನು ಸುಲಿದುಕೊಡುತ್ತಿದ್ದೇನೆ ಎಂಬುದು ಆ ಕೈಗಳಲ್ಲಿ ಕಾಣಬೇಕು. ಬೇಡಲು ಬಂದವನು ಯಾರೆಂದು ಕರ್ಣನಿಗೆ ಮೊದಲೇ ಗೊತ್ತು, ತಂದೆ ಸೂರ್ಯ ಎಚ್ಚರಿಸಿದ್ದಾನೆ. ಗೊತ್ತಿದ್ದೂ ಕೊಡುತ್ತಾನೆ. ತಿಳಿಯದೆ ಮೋಸಹೋಗುವುದು ಒಂದು ಬಗೆ, ತಿಳಿದೂ ಮೋಸಕ್ಕೆ ಮೈಯೊಡ್ಡುವುದು ಇನ್ನೊಂದು. ಕರ್ಣನ ಕತೆಯುದ್ದಕ್ಕೂ ಎರಡನೆಯದೇ ಇದೆ.

ಪರಶುರಾಮನ ಶಾಪವನ್ನು ಆಟದಲ್ಲಿ ಸಾಮಾನ್ಯವಾಗಿ ಮಾತಿನಲ್ಲೇ ದಾಟಿಸಿಬಿಡುತ್ತಾರೆ. ಕ್ಷತ್ರಿಯನಿಗೆ ಕಲಿಸದ ಗುರುವಿನ ಹತ್ತಿರ ಬ್ರಾಹ್ಮಣನೆಂದು ಹೇಳಿಕೊಂಡು ಕಲಿತ, ತೊಡೆಯನ್ನು ಹುಳ ಕೊರೆದರೂ ಗುರುವಿನ ನಿದ್ದೆ ಕೆಡಬಾರದೆಂದು ಅಲುಗದೆ ಕೂತ, ಆ ಸಹನೆಯೇ ಅವನ ಗುಟ್ಟು ಬಯಲುಮಾಡಿತು. ಹುಟ್ಟು ಕೇಳದೆ ವಿದ್ಯೆ ಕೊಡುವವರು ಇದ್ದಿದ್ದರೆ ಅವನು ಸುಳ್ಳು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಕಥೆಗಾರ ಇದನ್ನು ಎರಡು ಪದ್ಯದಲ್ಲಿ ಮುಗಿಸಿದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೊನೆಗೆ ಅಸ್ತ್ರ ಮರೆತುಹೋಗುವಾಗ ಬೇಕಾಗುತ್ತದೆ.

ಕೃಷ್ಣ ಕರ್ಣನನ್ನು ಒಂದು ಕಡೆಗೆ ಕರೆದು ಜನ್ಮರಹಸ್ಯ ಹೇಳುವ ಭಾಗ ಬಂದಾಗ ಪ್ರೇಕ್ಷಕರಲ್ಲಿ ಮಾತು ನಿಲ್ಲುತ್ತದೆ. ಕುಮಾರವ್ಯಾಸನ, ಅಂದರೆ ಗದುಗಿನ ನಾರಣಪ್ಪನ, ಕಾವ್ಯದಲ್ಲಿ ಈ ಸಂದರ್ಭ ಓದಿದವರು ಮರೆಯಲಾರರು. ನೀನು ಕುಂತಿಯ ಹಿರಿಯ ಮಗ, ಪಾಂಡವರು ನಿನ್ನ ತಮ್ಮಂದಿರು, ರಾಜ್ಯ ನಿನ್ನದು ಎಂದಾಗ ಕರ್ಣನ ಗಂಟಲು ಉಬ್ಬಿ ಕಣ್ಣೀರು ಬರುತ್ತದೆ. ರಾಜ್ಯ ಸಿಕ್ಕ ಸಂತೋಷದ ಕಣ್ಣೀರಲ್ಲ ಅದು. ಕೌರವನಿಗೆ ಕೇಡಾಯಿತಲ್ಲ ಎಂಬ ಸಂಕಟ. ಹಳಗನ್ನಡದ ಕವಿಗಳು ಜೋಳವಾಳಿ ಎಂದು ಕರೆದ ನಿಷ್ಠೆ ಇದು. ಉಂಡ ಜೋಳದ ಋಣವನ್ನು ಪ್ರಾಣ ಕೊಟ್ಟು ತೀರಿಸುವುದು. ಜೋಳವೇ ಅನ್ನವಾಗಿರುವ ಈ ಸೀಮೆಯ ಪ್ರೇಕ್ಷಕರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜನ್ಮವಿಡೀ ಕೇಳಬೇಕೆಂದು ಹಂಬಲಿಸಿದ್ದ ಉತ್ತರ ಕರ್ಣನಿಗೆ ಆಗ ಸಿಕ್ಕಿತು. ಕೊಟ್ಟವನು ಅದನ್ನು ಕೊಟ್ಟದ್ದು ಅವನ ಬಲ ಕುಗ್ಗಿಸುವುದಕ್ಕೆ. ಆಮೇಲೆ ಕುಂತಿ ಬರುತ್ತಾಳೆ. ಹುಟ್ಟಿದ ದಿನ ಹೊಳೆಗೆ ಬಿಟ್ಟವಳು ಮೊದಲ ಸಲ ಮಗನೇ ಎನ್ನುವುದು ವರ ಕೇಳುವುದಕ್ಕಾಗಿ: ತೊಟ್ಟ ಬಾಣವನ್ನು ಮತ್ತೊಮ್ಮೆ ತೊಡಬೇಡ, ನನ್ನ ಮಕ್ಕಳನ್ನು ಉಳಿಸು. ಕುಂತಿಯ ಪಾತ್ರ ಹಾಕಿದವರು ಇಲ್ಲಿ ಬರೀ ಅತ್ತರೆ ಸಾಲದು. ಅವಳು ನಾಚಿಕೆಪಡಬೇಕು. ಅಳು ಇದ್ದು ನಾಚಿಕೆ ಇಲ್ಲದ ಕುಂತಿಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಷ್ಟರ ಹೊತ್ತಿಗೆ ರಾತ್ರಿ ಎರಡು ಮೂರು ಗಂಟೆ. ಚಹಾ ಕುಡಿಯುವುದಿದ್ದರೆ ಈಗಲೇ ಕುಡಿದು ಬನ್ನಿ. ಮುಂದಿನದು ಶಲ್ಯಸಾರಥ್ಯ. ಕರ್ಣಪರ್ವದ ನೆತ್ತಿ ಎಂದರೆ ಇದೇ.

ಭೀಷ್ಮ ಹತ್ತು ದಿನ, ದ್ರೋಣ ಐದು ದಿನ ಸೇನಾಧಿಪತ್ಯ ಮಾಡಿ ಬಿದ್ದಿದ್ದಾರೆ. ಕರ್ಣನ ಪಾಲಿಗೆ ಬಂದದ್ದು 2 ದಿನ. ಅರ್ಜುನನಿಗೆ ಕೃಷ್ಣನಂಥ ಸಾರಥಿ ಇದ್ದಾನೆ, ತನಗೂ ಅಂಥವನು ಬೇಕು ಎಂದು ಕೇಳುತ್ತಾನೆ. ದುರ್ಯೋಧನ ಮದ್ರದೇಶದ ಅರಸ ಶಲ್ಯನನ್ನು ಒಪ್ಪಿಸಲು ಹೋಗುತ್ತಾನೆ. ಪಟ್ಟಗಟ್ಟಿದ ಕ್ಷತ್ರಿಯ ನಾನು, ಸೂತನ ಮಗನ ರಥ ಹೊಡೆಯಲೇ ಎಂದು ಶಲ್ಯ ಕೆರಳುತ್ತಾನೆ. ತ್ರಿಪುರ ಸುಡುವಾಗ ಬ್ರಹ್ಮನೇ ಶಿವನ ರಥ ಹೊಡೆದನಲ್ಲವೇ ಎಂದು ದುರ್ಯೋಧನ ಸಮಾಧಾನ ಹೇಳುತ್ತಾನೆ. ಶಲ್ಯ ಒಂದು ಕರಾರಿನ ಮೇಲೆ ಒಪ್ಪುತ್ತಾನೆ: ನನ್ನ ಬಾಯಿಗೆ ಬಂದದ್ದನ್ನು ಆಡುತ್ತೇನೆ, ಅವನು ಸಹಿಸಬೇಕು. ದುರ್ಯೋಧನನಿಗೆ ಗೊತ್ತಿಲ್ಲದ್ದು ಏನೆಂದರೆ, ಯುದ್ಧ ಶುರುವಾಗುವ ಮುಂಚೆಯೇ ಶಲ್ಯ ಧರ್ಮರಾಜನಿಗೆ ಮಾತು ಕೊಟ್ಟಿದ್ದಾನೆ. ಕರ್ಣನ ರಥದಲ್ಲಿ ಕೂತಾಗ ಅವನ ಎದೆಗುಂದಿಸುತ್ತೇನೆ ಎಂದು.

ಈಗ ಅಟ್ಟದ ಮೇಲೆ ಏನಾಯಿತು ಗಮನಿಸಿ. ಸಾರಥಿಯ ಮಗನೆಂದು ಜರೆಸಿಕೊಂಡವನು ರಥಿಕನಾಗಿ ನಿಂತಿದ್ದಾನೆ, ಅರಸನೆನಿಸಿದವನು ಹಗ್ಗ ಹಿಡಿದು ಸಾರಥಿಯ ಜಾಗದಲ್ಲಿ ಕೂತಿದ್ದಾನೆ. ಕರ್ಣನಿಗೆ ಕೊನೆಗೂ ಗೌರವ ಸಿಕ್ಕಿತು ಅನ್ನಿಸಬೇಕು. ಆದರೆ ಇಡೀ ಆಟದಲ್ಲಿ ಅವನಿಗೆ ಅತಿ ಹತ್ತಿರದಿಂದ, ಅತಿ ಕಹಿಯಾಗಿ ಅವನ ಕುಲ ಎತ್ತಿ ಆಡುವುದು ಈ ಸಾರಥಿಯೇ. ಎಂಜಲು ಉಂಡು ಕೊಬ್ಬಿದ ಕಾಗೆಯೊಂದು ಹಂಸಗಳ ಜೊತೆ ಪಂದ್ಯ ಕಟ್ಟಿ ಸಮುದ್ರದ ನಡುವೆ ಬಿದ್ದ ಕತೆಯನ್ನು ಹೇಳುತ್ತಾನೆ. ಕಾಗೆ ಯಾರೆಂದು ಕೂತವರಿಗೆಲ್ಲ ತಿಳಿಯುತ್ತದೆ. ಎಂಜಲೆಂದರೆ ದುರ್ಯೋಧನನ ಅನ್ನ. ಹೀಗೆ ಒಂದೇ ಏಟಿಗೆ ಅವನ ಹುಟ್ಟನ್ನೂ ನಿಷ್ಠೆಯನ್ನೂ ಹೊಲಸು ಮಾಡಿಬಿಡುತ್ತಾನೆ. ಶತ್ರು ಎದುರಿಗೆ ನಿಂತು ಬಾಣ ಬಿಡುವಾಗ ಬೆನ್ನಿಗೆ ಕೂತವನು ಹೀಗೆ ಚುಚ್ಚಿದರೆ ಯಾರ ತೋಳು ನೆಟ್ಟಗೆ ನಿಂತೀತು?

ಶಲ್ಯನ ಪಾತ್ರಧಾರಿ ಎರಡು ರೀತಿ ಆಡಬಹುದು. ಬರೀ ಬೈಗುಳವಾಗಿ ಆಡಿದರೆ ಜನ ನಗುತ್ತಾರೆ, ಜಗಳ ಸೊಗಸಾಗುತ್ತದೆ, ಕರ್ಣನ ದುಃಖ ತೇಲಿಹೋಗುತ್ತದೆ. ಹಿತ ಹೇಳುವವನ ದನಿಯಲ್ಲಿ, ತಗ್ಗಿಸಿ, ತಪ್ಪೇನು ಹೇಳಿದೆ ಎಂಬಂತೆ ಆಡಿದರೆ ಮೈ ನಡುಗುತ್ತದೆ. ಹಿಮ್ಮೇಳದವರು ಮದ್ದಳೆ ತಗ್ಗಿಸಿ ಇದಕ್ಕೆ ದಾರಿ ಬಿಟ್ಟುಕೊಟ್ಟರೆ, ಆ ಮೇಳದಲ್ಲಿ ಒಳ್ಳೆಯ ಮಾಸ್ತರರು ಇದ್ದಾರೆಂದು ತಿಳಿಯಿರಿ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಕರ್ಣನ ಅಭಿಮಾನಿಗಳು ಇದನ್ನು ಮುಚ್ಚಿಡುತ್ತಾರೆ. ಶಲ್ಯನಿಗೆ ಕರ್ಣ ಕೊಡುವ ಉತ್ತರ ವ್ಯಾಸಭಾರತದಲ್ಲಿ ಘೋರವಾಗಿದೆ. ಅವನು ಶಲ್ಯನನ್ನಷ್ಟೇ ಬೈಯುವುದಿಲ್ಲ. ಇಡೀ ಮದ್ರದೇಶದ ಜನರನ್ನು, ಅವರ ಹೆಂಗಸರನ್ನು, ಅವರ ಊಟವನ್ನು, ನಡತೆಯನ್ನು, ನೆರೆಯ ಬಾಹ್ಲೀಕರನ್ನೂ ಸೇರಿಸಿ ಹಳಿಯುತ್ತಾನೆ. ಆ ದೇಶದಲ್ಲಿ ಹುಟ್ಟಿದ್ದೇ ಸಾಕು, ಅವನು ನೀಚ ಎಂಬ ಧಾಟಿ. ಕುಲದ ಹೆಸರಲ್ಲಿ ಜೀವಮಾನವಿಡೀ ಹಿಂಸೆ ಉಂಡವನು ನಾಡಿನ ಹೆಸರಲ್ಲಿ ಒಂದು ಜನಾಂಗವನ್ನೇ ಹೀಯಾಳಿಸುತ್ತಾನೆ. ಜೂಜಿನ ಸಭೆಯಲ್ಲಿ ದ್ರೌಪದಿಗೆ ಅವನು ಆಡಿದ ಮಾತೂ ಕ್ಷಮಿಸುವಂಥದ್ದಲ್ಲ. ತುಳಿಸಿಕೊಂಡವನ ಬಾಯಲ್ಲೂ ತುಳಿಯುವ ಮಾತು ಮನೆಮಾಡಿರುತ್ತದೆ. ಹಳ್ಳಿಯ ಆಟದ ಪ್ರತಿಗಳಲ್ಲಿ ಈ ಭಾಗವನ್ನು ಮೊಟಕು ಮಾಡಿದ್ದು ಕಂಡರೆ ಆಶ್ಚರ್ಯಪಡಬೇಡಿ. ಆಟದ ಕವಿಗೆ ಕರ್ಣನನ್ನು ಶುದ್ಧ ದುರಂತನಾಯಕನಾಗಿ ಉಳಿಸುವ ಆಸೆ. ನನಗೆ ಮಾತ್ರ ಈ ಕಲೆ ಇರುವ ಕರ್ಣನೇ ಹೆಚ್ಚು ನಿಜವೆನ್ನಿಸುತ್ತಾನೆ. ಅವನ ಮೇಲಿನ ಮರುಕ ಇದರಿಂದ ನನಗೆ ಕಡಿಮೆಯಾಗಿಲ್ಲ.

ಸರ್ಪಾಸ್ತ್ರದ ಪ್ರಸಂಗದಲ್ಲಿ ಶಲ್ಯ ಹೇಳುತ್ತಾನೆ, ಕೊರಳಿಗೆ ಗುರಿಯಿಟ್ಟಿದ್ದೀಯ, ಎದೆಗೆ ಇಡು. ಹೂಡಿದ ಗುರಿ ಬದಲಿಸುವುದು ತನಗೆ ಕುಂದು ಎನ್ನುತ್ತಾನೆ ಕರ್ಣ. ಕೃಷ್ಣ ರಥವನ್ನು ನೆಲಕ್ಕೆ ಒತ್ತುತ್ತಾನೆ, ಬಾಣ ಅರ್ಜುನನ ಕಿರೀಟ ಒಯ್ಯುತ್ತದೆ. ಹಾವು ತಿರುಗಿ ಬಂದು ಇನ್ನೊಮ್ಮೆ ಹೂಡು ಎಂದು ಬೇಡುತ್ತದೆ. ಕುಂತಿಗೆ ಕೊಟ್ಟ ಮಾತು ಅಡ್ಡ ಬರುತ್ತದೆ. ಶಲ್ಯ ಒಮ್ಮೆಯಾದರೂ ಸರಿಯಾದ ಬುದ್ಧಿ ಹೇಳಿದ್ದನಲ್ಲ ಎಂದು ಪ್ರೇಕ್ಷಕರಲ್ಲಿ ಯಾರೋ ಒಬ್ಬ ಮುತ್ಯಾ ಗೊಣಗುತ್ತಾನೆ. ಅದು ನಿಜ. ಆದರೆ ಅಷ್ಟು ಹೊತ್ತು ವಿಷ ಕಕ್ಕಿದ ಬಾಯಿಂದ ಬಂದ ಹಿತವನ್ನು ಕರ್ಣ ಹೇಗೆ ನಂಬಬೇಕು? ನಂಬಿಕೆ ಕೆಟ್ಟ ಮೇಲೆ ಒಳ್ಳೆಯ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ. ಶಲ್ಯ ರಥ ಬಿಟ್ಟಿಳಿದು ಹೋಗುತ್ತಾನೆ. ಗಾಲಿ ಹುಗಿಯುತ್ತದೆ. ರಥ ಎತ್ತುವುದು ಸಾರಥಿಯ ಕೆಲಸ, ಸಾರಥಿ ಇಲ್ಲ. ಅಧಿರಥನ ಮಗ ತಾನೇ ಕೆಳಗಿಳಿದು ಗಾಲಿಗೆ ಹೆಗಲು ಕೊಡುತ್ತಾನೆ. ಸಾರಥಿಯ ಮನೆಯಲ್ಲಿ ಬೆಳೆದವನಿಗೆ ಆ ಕೆಲಸ ಹೊಸದಲ್ಲ. ಒಳ್ಳೆಯ ಪಾತ್ರಧಾರಿ ಇಲ್ಲಿ ಅರಸನ ಕುಣಿತ ಬಿಟ್ಟು ದುಡಿಯುವವನ ಮೈಕಟ್ಟಿಗೆ ಇಳಿಯುತ್ತಾನೆ. ಹೊಲದಲ್ಲಿ ಹುಗಿದ ಚಕ್ಕಡಿಗೆ ಭುಜ ಕೊಟ್ಟವನಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಎರೆಮಣ್ಣಿನ ಈ ನಾಡಿನಲ್ಲಿ ಆ ದೃಶ್ಯಕ್ಕೆ ಬೇರೆಲ್ಲೂ ಇಲ್ಲದ ತೂಕ ಬರುತ್ತದೆ.

ಕರ್ಣನಿಗೆ ಮೋಸ ಮಾಡಿದವರ ಪಟ್ಟಿಯಲ್ಲಿ ದುರ್ಯೋಧನನ ಹೆಸರನ್ನು ಯಾರೂ ಸೇರಿಸುವುದಿಲ್ಲ. ನಮ್ಮ ಪಕ್ಕದ ಮುಧೋಳದ ಕವಿ ರನ್ನ, ಬಳೆಗಾರರ ಮನೆಯಲ್ಲಿ ಹುಟ್ಟಿದವನು, ಒಂದು ಸಂಗತಿ ಹೇಳುತ್ತಾನೆ. ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಕರ್ಣನ ಹೆಣದ ಮುಂದೆ ನಿಂತು ಅಳುವಾಗ, ಕರ್ಣನ ಹುಟ್ಟಿನ ಗುಟ್ಟು ಬಲ್ಲವರಲ್ಲಿ ತನ್ನನ್ನೂ ಎಣಿಸುತ್ತಾನೆ. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದದ್ದು ಗೆಳೆಯನನ್ನು ಕಳೆದುಕೊಳ್ಳುವ ಹೆದರಿಕೆಯಿಂದಲೋ, ಅವನ ತೋಳ್ಬಲ ಬೇಕಾಗಿತ್ತೆಂದೋ? ರನ್ನ ಬಿಡಿಸಿ ಹೇಳುವುದಿಲ್ಲ. ಆದರೆ ಅವನ ದುರ್ಯೋಧನ ಮನಸಾರೆ ಅಳುತ್ತಾನೆ. ದೊಡ್ಡಾಟದ ದುರ್ಯೋಧನ ಕರ್ಣನನ್ನು ತಬ್ಬಿಕೊಳ್ಳುವ ಪ್ರತಿ ಸಲವೂ ನಾನು ರನ್ನನ ಈ ಮಾತನ್ನು ನೆನೆಯುತ್ತೇನೆ, ಆ ಅಪ್ಪುಗೆಯ ಮೇಲಿನ ನನ್ನ ಭರವಸೆ ಒಂದು ಕೂದಲೆಳೆ ಅಲುಗುತ್ತದೆ.

ಈ ಕತೆ ಈ ನೆಲದಲ್ಲಿ ಇಷ್ಟು ಆಳಕ್ಕೆ ಇಳಿದದ್ದಕ್ಕೆ ಕಾರಣವಿದೆ. ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಹುಟ್ಟಿನಿಂದ ಬಂದ ಹಿರಿತನವನ್ನು ಕಳಚಿಟ್ಟು ಕೂಡಲಸಂಗಮಕ್ಕೆ ನಡೆದವರು ಅವರು. ಮುಂದೆ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದಾಗ ಬಿಜ್ಜಳನ ಆಳಿಕೆಯಲ್ಲಿ ಆ ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತೆಂಬ ಕತೆ ಇಲ್ಲಿಯ ಮಗುವಿಗೂ ಗೊತ್ತು. ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಹರಳಯ್ಯನ ನಿಷ್ಠೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ಬೆಳೆದ ಜನ ಕರ್ಣಪರ್ವ ನೋಡಲು ಕೂಡುತ್ತಾರೆ. ಗಿರೀಶ ಕಾರ್ನಾಡರ ತಲೆದಂಡ, ಎಚ್.ಎಸ್. ಶಿವಪ್ರಕಾಶರ ಮಹಾಚೈತ್ರ ಓದಿದವರಿಗೆ ಕಲ್ಯಾಣದ ಆ ದಿನಗಳ ಬಿಸಿ ಗೊತ್ತಿರುತ್ತದೆ. ಕಲ್ಯಾಣ ಕುಲದ ಪ್ರಶ್ನೆಯನ್ನೇ ಕೇಳಬಾರದೆಂದಿತು. ಕರ್ಣನಿಗೆ ಅಂಥ ಒಂದು ಕಲ್ಯಾಣ ಸಿಗಲಿಲ್ಲ, ಸಿಕ್ಕಿದ್ದು ಒಬ್ಬ ಗೆಳೆಯ ಮಾತ್ರ. ಮೇಳದಲ್ಲಿ ಹಲವು ಜಾತಿಯವರು ಕೂಡಿ ಪಾತ್ರ ಹಾಕುವುದು ಈ ಭಾಗದಲ್ಲಿ ಹಳೆಯ ರೂಢಿ. ಅಟ್ಟದ ಮೇಲೆ ಒಬ್ಬರ ಕಾಲಿಗೆ ಒಬ್ಬರು ಬೀಳುತ್ತಾರೆ. ಅಟ್ಟದಿಂದ ಇಳಿದ ಮೇಲೆ ಯಾರು ಯಾರ ಮನೆಯ ಪಡಸಾಲೆ ಏರುತ್ತಾರೆ ಎಂಬುದು ಬೇರೆ ಮಾತು. ಕರ್ಣಪರ್ವ ನೋಡಿದ ಮೇಲೆ ಆ ಬೇರೆ ಮಾತನ್ನು ಕೇಳದೆ ಬಿಡಬಾರದು.

ಕರ್ಣ ಹಿಡಿಸಿದವರು ಮೊಹರಂ ಹೊತ್ತಿಗೆ ಇದೇ ಹಳ್ಳಿಗಳಲ್ಲಿ ರಿವಾಯತ್ ಪದ ಕೇಳಲೇಬೇಕು. ಹಿಂದೂ ಮುಸ್ಲಿಂ ಎನ್ನದೆ ಊರ ಜನ ಅಲಾಯಿ ದೇವರ ಮುಂದೆ ಹೆಜ್ಜೆ ಹಾಕುತ್ತ ಕನ್ನಡದಲ್ಲಿ ಕರ್ಬಲದ ಕತೆ ಹಾಡುತ್ತಾರೆ. ಕ್ರಿ.ಶ. 680ರಲ್ಲಿ ಕೂಫಾ ಪಟ್ಟಣದವರು ಪತ್ರದ ಮೇಲೆ ಪತ್ರ ಬರೆದು ಪ್ರವಾದಿಯವರ ಮೊಮ್ಮಗ ಹುಸೇನರನ್ನು ಕರೆದರು, ಮುಂಚಿತವಾಗಿ ಹೋದ ಮುಸ್ಲಿಂ ಬಿನ್ ಅಕೀಲರ ಸುತ್ತ ನೆರೆದರು, ಹೆದರಿಕೆ ಬಂದ ಕೂಡಲೇ ಚದುರಿಹೋದರು. ಮುಸ್ಲಿಂ ಬಿನ್ ಅಕೀಲರು ಒಬ್ಬಂಟಿಯಾಗಿ ಸಿಕ್ಕಿ ಹತರಾದರು. ನೀರು ತರಲು ಹೋದ, ಹುಸೇನರ ಮಲತಮ್ಮ ಅಬ್ಬಾಸರ ನಿಷ್ಠೆ ಕೇಳುವಾಗ ಕರ್ಣನ ನೆನಪು ತಾನಾಗಿ ಬರುತ್ತದೆ. ಹಾಡಿನ ಕತೆಗೆ ಇನ್ನೂ ಹಸಿವಿದ್ದರೆ ಹಲಸಂಗಿ ಗೆಳೆಯರ ಪುಸ್ತಕಗಳಿಗೆ ಹೋಗಿ. ಹಳೆಯ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಕೂಡಿ ಈ ಸೀಮೆಯ ಹಾಡುಗಳನ್ನು ಕೂಡಿಸಿದರು. ಗರತಿಯ ಹಾಡು 1931ರಲ್ಲಿ, ಜೀವನ ಸಂಗೀತ 1933ರಲ್ಲಿ ಬಂದವು. ಆಟದ ಪದ್ಯಗಳ ಭಾಷೆ ಕಿವಿಗೆ ಒಗ್ಗಬೇಕಾದರೆ ಈ ಪುಸ್ತಕಗಳನ್ನು ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಇನ್ನು ಹೋಗಿ ಕೂಡುವ ವ್ಯವಹಾರ. ರಾತ್ರಿ ಊಟ ಮುಗಿಸಿ ಒಂದು ಕೌದಿ, ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಕುರ್ಚಿ ಕೊಟ್ಟು ಮುಂದೆ ಕೂಡ್ರಿಸುತ್ತಾರೆ, ಬರ್ರಿ ಸಾಹೇಬ್ರ ಎಂದು ಕರೆಯುತ್ತಾರೆ. ಕೈಮುಗಿದು, ಇಲ್ಲೇ ಕೂಡ್ತೇನ್ರಿ ಎಂದು ಹಿಮ್ಮೇಳದ ಎದುರು ಬದಿಗೆ, ಹಿರಿಯರು ಕೂತ ಕಡೆ ನೆಲದ ಮೇಲೆ ಕೂಡಿ. ಅಲ್ಲಿಂದ ಭಾಗವತರ ಮುಖವೂ ಪಾತ್ರದ ಕಾಲೂ ಎರಡೂ ಕಾಣುತ್ತವೆ. ಪದ್ಯ ಅರ್ಥವಾಗದಿದ್ದರೆ ಪಕ್ಕದ ಕಾಕಾನನ್ನು ಕೇಳಿ, ಸಂತೋಷದಿಂದ ಹೇಳುತ್ತಾನೆ. ನಡುವೆ ಆಟ ನಿಲ್ಲಿಸಿ ಆಯೇರಿ ಮಾಡಿದವರ, ಅಂದರೆ ಕಾಣಿಕೆ ಕೊಟ್ಟವರ, ಹೆಸರು ಮೈಕಿನಲ್ಲಿ ಓದುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಮೇಳ ಬದುಕಿರುವುದೇ ಅದರಿಂದ. ನಿಮಗೆ ಕರ್ಣ ಹಿಡಿಸಿದರೆ ನೀವೂ ಕೈಲಾದಷ್ಟು ಕೊಡಿ, ಸಾರಥಿ ಹಿಡಿಸಿದರೆ ಸಾರಥಿಯ ಹೆಸರಿಗೇ ಕೊಡಿ, ಅವನ ಹೆಸರಿಗೆ ಕೊಡುವವರು ಕಡಿಮೆ.

ಮಂಗಳ ಹಾಡಿದ ಕೂಡಲೇ ಎದ್ದು ಓಡಬೇಡಿ. ಬಣ್ಣ ತೊಳೆದುಕೊಂಡು ಬಂದ ಕರ್ಣನನ್ನು ಮಾತಾಡಿಸಿ. ಸಾರಥಿ ಕುಲ ಕೇಳಿದಾಗ ಧ್ವನಿ ತಗ್ಗಿಸಿದ್ದು ಮಾಸ್ತರರು ಹೇಳಿಕೊಟ್ಟದ್ದೋ ತಾನಾಗಿ ಬಂದದ್ದೋ ಎಂದು ಕೇಳಿ. ಮಾಸ್ತರರ ಹತ್ತಿರ ಕೈಬರಹದ ಪ್ರತಿ ಇರುತ್ತದೆ, ಒಪ್ಪಿದರೆ ಶಲ್ಯನ ಭಾಗ ತೋರಿಸಲು ಕೇಳಿಕೊಳ್ಳಿ, ಮದ್ರದೇಶದ ಬೈಗುಳ ಅದರಲ್ಲಿ ಎಷ್ಟು ಉಳಿದಿದೆ ಎಂದು ನೋಡಿ. ಮುಂದಿನ ವರ್ಷ ಪಕ್ಕದ ತಾಲೂಕಿನ ಇನ್ನೊಂದು ಮೇಳದ ಕರ್ಣಪರ್ವಕ್ಕೆ ಹೋದಾಗ ಹೋಲಿಸಲು ನಿಮ್ಮ ಹತ್ತಿರ ಒಂದು ಆಧಾರ ಇರುತ್ತದೆ.